ಅಳತೆ ಪುಸ್ತಕ

ಮಂಡಿಪೇಟೆಯ ನಮ್ಮ ಅಂಗಡಿಯಲ್ಲಿ
ಕಿರೀಟಕ್ಕೆ ರಾತ್ರಿಗೆ ನಲವತ್ತು, ಗದೆಗೆ ಇಪ್ಪತ್ತೈದು,
ಗಡ್ಡ ಒದ್ದೆಯಾಗಿ ಬಂದರೆ ದಂಡ ಬೇರೆ.
ಅಬ್ಬಾ ಹೊಲಿಯುತ್ತಿದ್ದರು, ನಾನು ಬರೆಯುತ್ತಿದ್ದೆ:
ಊರು, ತಾರೀಕು, ಪಾತ್ರ, ಅಳತೆ.

ಅವಳು ಮೊದಲು ಬರುವುದು ಮೂವತ್ತೊಂದನೇ ಪುಟದಲ್ಲಿ.
ಹೆಸರು ಸಿದ್ದಗಂಗಮ್ಮ, ಕೊರಟಗೆರೆ ಕಡೆಯವಳು;
ಪಾಂಪ್ಲೆಟ್ಟಿನಲ್ಲಿ ಕುಮಾರಿ ಮಂದಾರಮಾಲಾ,
ಎರಡು ಮಕ್ಕಳಾದ ಮೇಲೂ ಕುಮಾರಿಯೇ.
ಎದೆ ಮೂವತ್ತು, ತೋಳು ಒಂಬತ್ತು,
ಪಾತ್ರ: ಸಖಿ. ಸಖಿಗೆ ಒಡವೆ ಇಲ್ಲ.
ಹೋಗುವಾಗ ಒಂದು ಸರ ಕೇಳಿ ಇಸಕೊಂಡಳು,
ಬಾಡಿಗೆ ಇವತ್ತಿಗೂ ಬಾಕಿ.

ಮೂರು ವರ್ಷಕ್ಕೆ ಅವಳೇ ರಾಣಿ.
ತುಂಬಿದ ಸಭೆಯಲ್ಲಿ ಸೀರೆ ಸೆಳೆಯಬೇಕಲ್ಲ,
ಏಳು ಸೀರೆ ಒಂದಕ್ಕೊಂದು ಹೊಲಿದು ಕೊಡುತ್ತಿದ್ದವಳು ನಾನು.
ಹೆಬ್ಬೂರಿನಲ್ಲಿ ಸೆಳೆಯುವ ಪಾತ್ರ ಹಾಲಿನ ಡೈರಿ ಸೆಕ್ರೆಟರಿಯದು,
ದುಡ್ಡು ಕೊಟ್ಟು ಹಿಡಿದ ಪಾತ್ರ,
ಕುಡಿದಿದ್ದ. ಏಳನೆಯದು ಮುಗಿದರೂ ಕೈ ಬಿಡಲಿಲ್ಲ.
ಹಾರ್ಮೋನಿಯಂ ಮೇಷ್ಟ್ರು ಕಪ್ಪು ಎರಡರಲ್ಲೇ ಕಕ್ಕಾಬಿಕ್ಕಿ.
ಇವಳು ಕಂದ ನಿಲ್ಲಿಸದೆ, ಕೈ ಮುಗಿದುಕೊಂಡೇ,
ಒಂದು ಹೆಜ್ಜೆ ಹಿಂದೆ ಸರಿದು
ಅವನ ಕಾಲ್ಬೆರಳ ಮೇಲೆ ಹಿಮ್ಮಡಿ ಊರಿದಳು.
ದೇವರು ಬಂದದ್ದು ಆಮೇಲೆ.
ಜನ ಒನ್ಸ್ ಮೋರ್ ಅಂದರು.

ನಡುರಾತ್ರಿ ಹದಿನಾರರ ಸೊಸೆ, ಕಣ್ಣ ತುಂಬ ಕಾಡಿಗೆ;
ಬೆಳಗಿನ ಜಾವ ನೂರು ಮಕ್ಕಳ ತಾಯಿ, ಕಣ್ಣಿಗೆ ಬಟ್ಟೆ.
ನಡುವೆ ಒಂದು ಟೀ, ಅರ್ಧ ಬನ್ನು.
ಹತ್ತರ ನೋಟಿಗೆ ಪಿನ್ನು ಚುಚ್ಚಲು ಸ್ಟೇಜು ಹತ್ತಿದ ಕೈಗಳು
ರವಿಕೆ ದಾಟಿಯೂ ಚುಚ್ಚುತ್ತಿದ್ದವು.
ವಾಪಸು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು
ತೂತು ಎಣಿಸಿ, ಯಾವೂರಲ್ಲಿ ಎಷ್ಟು ಬಿತ್ತು ಅಂತ
ಅಬ್ಬಾ ಹೇಳಿಬಿಡುತ್ತಿದ್ದರು.

ಆಮೇಲೆ ಸಿನಿಮಾ. ಪುಸ್ತಕದಲ್ಲಿ ಎರಡು ಪುಟ ಅವಳಿಲ್ಲ,
ಅಲ್ಲಿ ಬಟ್ಟೆ ಅವರೇ ಕೊಡುತ್ತಾರೆ.
ನಾವು ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಕೂತು ಹುಡುಕಿದೆವು:
ಮೊದಲನೆಯದರಲ್ಲಿ ನರ್ಸು, ಬೆನ್ನು ಮಾತ್ರ.
ಇನ್ನೊಂದರಲ್ಲಿ ಬಾವಿಕಟ್ಟೆಯ ಬಾಯಿಬಡುಕಿ,
ಅದಾದ ಮೇಲೆ ನಾಯಕನ ತಾಯಿ,
ಅವನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ತಲೆಗೆ ಬಿಳಿ ಪೌಡರು.
ಹನ್ನೊಂದು ಸಿನಿಮಾದಲ್ಲಿ ಹನ್ನೊಂದು ಸಲ ಕೇಳಿದಳು,
ಡಾಕ್ಟ್ರೇ, ನನ್ನ ಮಗ ಬದುಕ್ತಾನಾ?
ಒಂದು ಸಲವೂ ಒಂದೇ ಥರ ಕೇಳಲಿಲ್ಲ.
ಇದನ್ನು ಯಾವ ಪೇಪರಿನವರೂ ಬರೆಯಲಿಲ್ಲ,
ಅದಕ್ಕೇ ನಾನು.

ಟಿವಿಯಲ್ಲಿ ಅತ್ತೆಯಾದಾಗ
ಬಟವಾಡಿಯ ಸೊಪ್ಪಿನವಳು ಕೊತ್ತಂಬರಿ ಕಟ್ಟು ಹಿಂದಕ್ಕೆಳೆದುಕೊಂಡಳಂತೆ:
ಆ ಹೆಣ್ಣಿಗೆ ವಿಷ ಹಾಕ್ದೆಲ್ಲೇ, ಹೋಗ್ ಅತ್ಲಾಗೆ.
ಹೇಳುವಾಗ ಅವಳ ಮುಖ ನೋಡಬೇಕಿತ್ತು,
ಪ್ರಶಸ್ತಿ ಬಂದ ದಿನವೂ ಅಷ್ಟು ಹಿಗ್ಗಿರಲಿಲ್ಲ.
ಆ ಪ್ರಶಸ್ತಿ ನಮ್ಮ ಅಂಗಡಿಯ ಅಟ್ಟದ ಮೇಲಿದೆ.
ಯಾರಾದ್ರೂ ದರ್ಬಾರ್ ಸೀನಿಗೆ ಕೇಳಿದ್ರೆ ಬಾಡಿಗೆಗೆ ಬಿಡು, ಅಂದಿದ್ದಾಳೆ,
ಅರ್ಧ ನಂಗೆ.

ಹೋದ ಶುಕ್ರವಾರ ಮಧ್ಯಾಹ್ನ ಬಂದಳು, ಆಟೋದಲ್ಲಿ.
ಅಬ್ಬಾ ಈಗಿಲ್ಲ; ಮಿಷನ್ನು ನಾನೇ ತುಳಿಯುತ್ತೇನೆ.
ಟೇಪು ಹಿಡಿದೆ: ಎದೆ ನಲವತ್ತೆರಡು, ತೋಳು ಹದಿನಾಲ್ಕು,
ಎಡ ಭುಜ ಒಂದು ಬೆರಳು ಇಳಿದಿದೆ.
ಯಾವ ಪಾತ್ರಕ್ಕೆ ಅಕ್ಕ, ಅಂದೆ, ಪೆನ್ನು ಎತ್ತಿಕೊಂಡು.
ನಂಗೇ ಕಣೇ ಶಮೀಮು. ಹಾಕ್ಕಳಾಕೆ.

ಆ ಕಾಲಮ್ಮು ಯಾವತ್ತೂ ಖಾಲಿ ಬಿಟ್ಟವಳಲ್ಲ ನಾನು.
ಏನು ಬರೆಯಲಿ ಅಂತ ನೋಡುತ್ತಿದ್ದರೆ
ಅವಳು ಆಗಲೇ ರೇಟಿಗಿಳಿದಿದ್ದಳು:
ಇನ್ನೂರೈವತ್ತಾ? ಲೈನಿಂಗೂ ಇಲ್ದೆ?
ಮೈಕಿಲ್ಲದ ಕಾಲದ ಗಂಟಲು.
ಎದುರು ಮಂಡಿಯಲ್ಲಿ ಹುಣಸೆಹಣ್ಣು ತೂಗುತ್ತಿದ್ದವನು
ತಕ್ಕಡಿ ಬಿಟ್ಟು ನಿಂತ.
ಅವನು ನಿಂತದ್ದನ್ನು ಅವಳು ನೋಡಿದಳು.
ಇನ್ನೊಂದು ಸಲ ಕೇಳಿದಳು,
ಸ್ವಲ್ಪ ಏರಿಸಿ.