ಸಾಲಿನಲ್ಲಿ ನೀವು ನಾಲ್ಕನೆಯವರು

ಅನ್ನುತ್ತದೆ ಫೋನಿನ ದನಿ, ನಯವಾಗಿ, ನಾರ್ವೇಜಿಯನ್ನಿನಲ್ಲಿ.
ಆಮೇಲೆ ಪಿಯಾನೊ.
ಊಟದ ಬಿಡುವು ಇಪ್ಪತ್ತೆಂಟು ನಿಮಿಷ,
ಕೈಗವಸು ಬಿಚ್ಚುವುದಕ್ಕೇ ಮೂರು ಹೋಯಿತು.
ನನ್ನ ಕೈಗೂ ಫೋನಿಗೂ ಒಂದೇ ಮೀನಿನ ವಾಸನೆ.

ಎದುರಿಗೆ ಅಬ್ರೆಹೆತ್.
ಬ್ರೆಡ್ಡಿನ ಅಂಚು ಕಿತ್ತು ಕಿತ್ತು ಮೇಜಿನ ಮೇಲೆ ಸಾಲಿಡುತ್ತಾಳೆ,
ತಿನ್ನುವುದಿಲ್ಲ.
ಅಸ್ಮಾರಾದಲ್ಲಿ ತಂಗಿ ತೀರಿಕೊಂಡು ಹನ್ನೆರಡು ದಿನ.
ಹೋಗುವಂತಿಲ್ಲ. ಅವಳ ನೀಲಿ ಪುಸ್ತಕದಲ್ಲಿ ಅಚ್ಚಾಗಿದೆ:
ಎಲ್ಲ ದೇಶಗಳಿಗೂ ಸಲ್ಲುತ್ತದೆ, ಒಂದನ್ನು ಬಿಟ್ಟು.
ಆ ಒಂದು ಯಾವುದೆಂದು ಕೇಳಬೇಡಿ.

ಹೇಳಿಬಿಡುತ್ತೇನೆ,
ಕರುಣೆಯಿಂದ ಹಿಡಿದ ಫೋನಲ್ಲ ಇದು.
ಲೈನಿನಲ್ಲಿ ಅವಳ ಚಾಕು ನಡುನಡುವೆ ನಿಂತುಬಿಡುತ್ತಿತ್ತು,
ಬೆಲ್ಟು ಯಾರಿಗಾಗಿ ನಿಂತೀತು?
ಅವಳ ಪಾಲಿನ ಮೀನೂ ನನ್ನ ಮುಂದೆ ಬಂದು ಬಿದ್ದವು,
ಬೈದುಕೊಂಡೇ ಬಗೆದೆ.
ನಾಲ್ಕನೇ ದಿನ ನನ್ನ ಮಣಿಕಟ್ಟು ಊದಿಕೊಂಡಿತು.

ಡಾಕ್ಟರು ಒಂದು ಕರಪತ್ರ ಕೊಟ್ಟರು, ಮೇಲೆ ಸೂರ್ಯೋದಯದ ಚಿತ್ರ.
ಚರ್ಚಿನಲ್ಲಿ ಮಂಗಳವಾರ ಸಂಜೆ ಒಂದು ಗುಂಪು ಕೂರುತ್ತದಂತೆ.
ಭಾಷೆ ಬರುತ್ತದೆಯೆ ಅವರಿಗೆ?
ಬರುತ್ತದೆ: ಮೀನು, ಮಂಜುಗಡ್ಡೆ, ಧನ್ಯವಾದ, ಓವರ್‌ಟೈಮ್.
ಅಷ್ಟು ಸಾಲದು ಅಂದರು. ನಿಜ,
ಲಿಥುವೇನಿಯಾದಿಂದ ಬಂದು ಒಂಬತ್ತು ವರ್ಷವಾದ ನನಗೂ
ಅಷ್ಟಕ್ಕೆ ಸಾಲುವ ಮಾತು ಇಲ್ಲಿ ಸಿಕ್ಕಿಲ್ಲ.

ಫಾರಮ್ಮು ಬಂತು.
ಮೃತರೊಂದಿಗೆ ಸಂಬಂಧ: ಗಂಡ ಅಥವಾ ಹೆಂಡತಿ, ಮಗು, ತಂದೆ ತಾಯಿ, ಇತರೆ.
ಒಂದೇ ಚಾದರದಲ್ಲಿ ಮಲಗಿ ಬೆಳೆದವಳಿಗೆ
ಇತರೆಯ ಚೌಕದಲ್ಲಿ ಗೆರೆ ಎಳೆದೆ.
ಕಾಯಬೇಕಾದ ಅವಧಿ: ಹನ್ನೊಂದು ವಾರ.

ಎಂಬತ್ತೊಂಬತ್ತನೇ ದಿನ.
ಹಾಮರ್‌ಫೆಸ್ಟಿನಲ್ಲಿ ಸೂರ್ಯ ಬಾಗಿಲು ಹಾಕಿಕೊಂಡು ಹೋಗಿ ಮೂರು ದಿನ.
ಕೋಣೆಯಲ್ಲಿ ಟೂರುನ್ ಎಂಬ ಆಪ್ತಸಮಾಲೋಚಕಿ,
ಟಿಶ್ಯೂ ಡಬ್ಬಿ, ಗೋಡೆ ಗಡಿಯಾರ,
ಮೇಜಿನ ಮೇಲೆ ಸ್ಪೀಕರಿಗೆ ಹಾಕಿದ ಫೋನಿನಲ್ಲಿ ದುಭಾಷಿ, ಬೋಡೋದಿಂದ.
ನಾನು ಹೊರಗಿರಬೇಕಿತ್ತು. ಅಬ್ರೆಹೆತ್ ತೋಳು ಬಿಡಲಿಲ್ಲ.

ನಿಮ್ಮ ದುಃಖ ದೇಹದಲ್ಲಿ ಎಲ್ಲಿ ಕೂತಿದೆ ಅನಿಸುತ್ತದೆ?
ಟೂರುನ್ ಕೇಳಿದಳು. ಫೋನು ಕೇಳಿತು.
ಅಬ್ರೆಹೆತ್ ಬಾಯಿ ತೆರೆದಳು,
ನಾಲ್ಕು ನಿಮಿಷ ಮುಚ್ಚಲಿಲ್ಲ.
ಮೊದಲು ಮಾತಿತ್ತು. ಆಮೇಲೆ ಮಾತಿಗೆ ಬಳುಕು ಬಂತು,
ಪ್ರತಿ ಸಾಲಿನ ಕೊನೆಗೂ ಒಂದೇ ಹೆಸರು: ಲೆತೆಬ್ರಹಾನ್,
ಆಮೇಲೆ ಸ್ವಲ್ಪ ಹೊತ್ತು ಕಾಯುವುದು, ಮತ್ತೆ.

ಫೋನಿನಲ್ಲಿ ಮೌನ.
ಕಾರಿನ ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಿತ್ತು,
ಎಲ್ಲೋ ರಸ್ತೆ ಬದಿಗೆ ನಿಲ್ಲಿಸಿಕೊಂಡಿದ್ದನೇನೊ.
ಕ್ಷಮಿಸಿ, ಅಂದ. ಇದು ಉತ್ತರವಲ್ಲ.
ನಮ್ಮಲ್ಲಿ ಹೆಣದ ಮುಂದೆ ಹೀಗೆ ಕಟ್ಟಿ ಅಳುತ್ತಾರೆ,
ಒಬ್ಬರು ಸಾಲು ಎತ್ತಿದರೆ ಸುತ್ತ ಇದ್ದವರು ದನಿಗೂಡಬೇಕು.
ಅವರು ಕಾಯುತ್ತಿರುವುದು ಅದಕ್ಕೆ.
ನಾನು ಅನುವಾದಿಸಬಹುದು, ದನಿಗೂಡುವಂತಿಲ್ಲ. ನಿಯಮ.

ಟೂರುನ್ ಗಡಿಯಾರ ನೋಡಿದಳು. ಹದಿನೇಳು ನಿಮಿಷ ಉಳಿದಿತ್ತು.
ಪೆನ್ನಿಗೆ ಮುಚ್ಚಳ ಹಾಕಿದಳು.
ನಾನು ಏನನ್ನೂ ಬರೆದುಕೊಳ್ಳುತ್ತಿಲ್ಲ, ಅಂದಳು ಫೋನಿಗೆ.

ಇಂಡಿಕೇಟರು ನಿಂತಿತು.
ಗಂಟಲು ಸರಿಮಾಡಿಕೊಂಡ ಸದ್ದು.
ಆಮೇಲೆ ಕಂಡರಿಯದ ಒಬ್ಬ ಗಂಡಸು ನಾನೂರು ಮೈಲಿ ಆಚೆಯಿಂದ
ಕಂಡರಿಯದ ಒಬ್ಬಳ ಹೆಸರು ಹಿಡಿದು ಅಳತೊಡಗಿದ.
ಅಬ್ರೆಹೆತ್ ಎತ್ತಿದಳು, ಅವನು ಕೂಡಿಸಿದ,
ನಾವಿಬ್ಬರು ಅರ್ಥವಾಗದ ಹೆಂಗಸರು ಎಲ್ಲಿ ನೋಡಬೇಕೆಂದು ತಿಳಿಯದೆ
ಮೇಜಿನ ಮೇಲಿನ ಫೋನನ್ನೇ ನೋಡುತ್ತ ಕೂತೆವು.

ವಾಸಿಯಾಯಿತೆ ಅಂತ ಫ್ಯಾಕ್ಟರಿಯಲ್ಲಿ ಕೇಳುತ್ತಾರೆ.
ಜ್ವರವಲ್ಲವಲ್ಲ.
ಈಗಲೂ ದಿನಕ್ಕೆ ಎರಡೋ ಮೂರೋ ಮೀನು
ಅವಳನ್ನು ದಾಟಿ ನನ್ನತ್ತ ಬರುತ್ತವೆ.
ಮುಂದಿನ ಸಲಕ್ಕೂ ಅದೇ ದುಭಾಷಿ ಬೇಕೆಂದು ಕೇಳಿದ್ದೇನೆ,
ಖಾತ್ರಿ ಕೊಡಲಾಗದು ಅಂದಿದ್ದಾರೆ.

ನಿನ್ನೆ ಬೆಳಿಗ್ಗೆ ಪಾಳಿಗೆ ಬಂದರೆ
ಯಾರೋ ನನ್ನ ಚಾಕು ಮಸೆದಿಟ್ಟಿದ್ದರು.
ಬೆರಳ ತುದಿಯಲ್ಲಿ ಅಂಚು ಮುಟ್ಟಿ ನೋಡಿದೆ.
ಅವಳು ಟೊಪ್ಪಿಗೆಯೊಳಗೆ ಕೂದಲು ತುರುಕಿಕೊಳ್ಳುತ್ತಿದ್ದಳು,
ಈ ಕಡೆ ತಿರುಗಲಿಲ್ಲ.