ಎರಡು ಪ್ರತಿ

ಶಿವಮೊಗ್ಗದ ಕೋರ್ಟಿನೆದುರು ಹನ್ನೊಂದು ವರ್ಷ
ಊರಿನ ಸಾಲಪತ್ರಗಳನ್ನೆಲ್ಲ
ಈ ಗಾಜಿನ ಮೇಲೆ ಬೋರಲು ಮಲಗಿಸಿದ್ದೇನೆ.
ಓದುತ್ತಿರಲಿಲ್ಲ. ಎಣಿಸುತ್ತಿದ್ದೆ,
ಪುಟಕ್ಕೆ ಎರಡು ರೂಪಾಯಿ.

ಇವತ್ತು ನನ್ನದೇ ಕಾಗದ.
ಇದೇ ಜೆರಾಕ್ಸ್ ಯಂತ್ರಕ್ಕೆಂದು ತೆಗೆದ ಸಾಲ,
ಬಡ್ಡಿ, ಬಡ್ಡಿಯ ಮರಿ, ಚೆಕ್ ಬೌನ್ಸಿನ ದಂಡ,
ಎರಡು ಲಕ್ಷ ಹದಿನಾಲ್ಕು ಸಾವಿರ.

ಲೋಕ ಅದಾಲತ್ತಿನ ಪ್ಲಾಸ್ಟಿಕ್ ಕುರ್ಚಿ. ಟೋಕನ್ ಎಪ್ಪತ್ತೆರಡು.
"ಎಷ್ಟು ಕಟ್ತೀರಿ, ನಗೀನಾ ಬಾನು?"
ಬ್ಯಾಂಕಿನವರ ದನಿ
ಗಾಂಧಿ ಬಜಾರಿನಲ್ಲಿ ಕತ್ತಲಾದ ಮೇಲೆ
ಬಾಡಿದ ಸೊಪ್ಪು ಮಾರುವವರ ದನಿ.
ಅರವತ್ತು ಅಂದೆ. ಒಂದು ಹತ್ತು ಅಂದರು.
ತೊಂಬತ್ತಕ್ಕೆ ನಿಂತಿತು, ಮೂರು ಕಂತು.
ಒಂದು ತಪ್ಪಿದರೂ
ಹಳೇ ಲೆಕ್ಕ ಎದ್ದು ಕೂರುತ್ತದಂತೆ.

"ತೀರಿತು ಅಂತ ಬರೀತೀರಲ್ಲ, ಸಾರ್?"
"ಇಲ್ಲಮ್ಮ, ಇತ್ಯರ್ಥ ಅಂತ. ಅದು ಬೇರೆ.
ಏಳು ವರ್ಷ ನಿಮ್ಮ ಹೆಸರಿನ ಪಕ್ಕ ಇರುತ್ತೆ."
ನಮ್ಮ ಅಬ್ಬ ಒಂದೇ ರಾತ್ರಿಗೆ
ತೀರಿಕೊಂಡಿದ್ದರು, ಪೂರ್ತಿ.

ಸಂಜೆ ಅಂಗಡಿಗೊಬ್ಬ ಹುಡುಗ.
ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು:
ದಿನಕ್ಕೆ ಒಂಬತ್ತು ಸಲ ಫೋನು ಮಾಡಿ
ಮರ್ಯಾದೆ ಇದೆಯಾ ಎಂದು ಕೇಳುತ್ತಿದ್ದ ಅದೇ ಗಂಟಲು.
ಕೈಯಲ್ಲಿ ಬೈಕಿನ ಸಾಲದ ನೋಟೀಸು.
"ಎರಡು ಪ್ರತಿ, ಅಕ್ಕಾ."

ಮುಚ್ಚಳ ಇಳಿಸಿದೆ.
ಮೊದಲ ಸಲ ಓದಿದೆ: ತಿಪ್ಪೇಶ, ಹೊಳೆಹೊನ್ನೂರು.
ಹಸಿರು ಬೆಳಕು ಅವನ ಹೆಸರಿನ ಮೇಲೆ
ಎರಡು ಸಲ ಹಾದುಹೋಯಿತು.

ನಾಲ್ಕು ರೂಪಾಯಿ. ಐದರ ನಾಣ್ಯ ಇಟ್ಟ.
"ಚಿಲ್ಲರೆ ಇರಲಿ ಬಿಡಿ."
ಬಿಡಲಿಲ್ಲ.
ಡಬ್ಬ ಬೋರಲು ಹಾಕಿ
ಒಂದು ರೂಪಾಯಿ ಹುಡುಕಿದೆ.