ಲೊಟಲಿ ಚಡಾವು

ಈ ಊರಿಗೆ ಮೊದಲ ಎಬ್ಬಿಸಾಂವ ನಾನು.
ಕೋಳಿ ನನ್ನ ಹಿಂದ, ಇಗರ್ಜಿ ಗಂಟಿ ಅದರ ಹಿಂದ.
ರಬ್ಬರ್ ಹಾರ್ನು ಹಿಚುಕಿದರ, ಪೊಂ ಪೊಂ,
ಪಡಸಾಲಿ ದೀಪ ಹತ್ತತಾವ,
ಕಾನ್ಸೆಸಾಂವ್ ಬಾಯಿ ನೈಟಿ ಮ್ಯಾಲೆ ಟಾವೆಲ್ ಹೊತ್ತು
ಚೀಲಾ ಚಾಚತಾಳ: ನಾಕು ಪೊಯ್, ಎರಡು ಉಂಡೊ,
ಹಲ್ಲು ಬರೂ ಮೊಮ್ಮಗಗ ಕಡೀಲಿಕ್ಕೆ ಒಂದು ಕಾಂಕಣ.

ಬುಟ್ಟಿ ತುಂಬ ಮುನ್ನೂರು ಪಾವು,
ನೀಲಿ ತಾಡಪಾಲಿನ ಕೆಳಗ ಇನ್ನೂ ಉಸಿರಾಡತಾವ.
ಬೆನ್ನಿಗೆ ಅದರ ಕಾವು, ಎದಿಗೆ ಮಂಜು.
ನನ್ನ ಸೈಕಲ್ಲಿಗೆ ಗೇರು ಎರಡ:
ಕುಂತು ತುಳಿಯೂದು, ನಿಂತು ತುಳಿಯೂದು.

ಬಂದ ಹೊಸತಿಗೆ ಶಾಣ್ಯಾನಂಗ ಲೆಕ್ಕಾ ಹಾಕಿದ್ದೆ.
ಉಳಿದ ಪಾವು ಪುಕ್ಕಟ, ಬೇಕರಿ ಚಾ ಪುಕ್ಕಟ,
ಹೊಟ್ಟಿ ಖರ್ಚು ಸೊನ್ನಿ,
ಪಗಾರ ಪೂರಾ ಗಜೇಂದ್ರಗಡಕ್ಕ.
ಹನ್ನೊಂದು ದಿನ ನಡೀತು.
ಹನ್ನೆರಡನೇದಕ್ಕ ಲೊಟಲಿ ಚಡಾವಿನ ನಡುವ
ಕಣ್ಣಿಗೆ ಕತ್ತಲಿ, ಮೀನಖಂಡ
ಹಲ್ಲಿಯ ಕಡದ ಬಾಲದಂಗ ತಾನ ತಾನ ಕುಣದು
ನಾನೊಂದು ಕಡೆ, ಸೈಕಲ್ಲೊಂದು ಕಡೆ.
ಕೆಂಪು ಮಣ್ಣಾಗ ಉರುಳಿ ಉರುಳಿ
ಗಟಾರದ ತನಕ ಹೋದವು ಪಾವು,
ಸಾಲಿ ಬಿಟ್ಟ ಹುಡುಗರಂಗ.

ಮಿಂಗೇಲ್ ಪಾತ್ರಾಂವ ಬೈಲಿಲ್ಲ.
ಪಗಾರದಾಗ ಹಿಡಕೊಂಡ.

ಅವತ್ತು ತಿಳೀತು, ಕಾಲು ಅಂದ್ರ ಕಿರಾಣಿ ಅಂಗಡಿ ಶೆಟ್ಟಿ.
ಉದ್ರಿ ಬರಕೋತ ಹೋಗತಾನ, ನಕ್ಕೋತ,
ಕೇಳೂದು ಮಾತ್ರ ಚಡಾವಿನ ನಡುವ.

ಮೀನು ಮಾರೂ ಪಿಯೆದಾದ್ ನನ್ನ ಮಣಕಾಲಿನ ಗಾಯ ನೋಡಿ
ಕೊಂಕಣಿಯೊಳಗ ಏನೋ ಬೈದಳು,
ಬೆರಳು ತೋರಿಸಿದಳು: ಹನ್ನೊಂದೂವರಿಗೆ ಬಾ.
ಹನ್ನೊಂದೂವರಿಗೆ ತಾರಲಿ ಅಗ್ಗ ಆಗತಾವ,
ಬಿಸಲು ಏರಿದಂಗ ಸಮುದ್ರ ತನ್ನ ಬೆಲಿ ಇಳಸತೈತಿ.
ಉಳಿದ ಆರು ಕಾಂಕಣಕ್ಕ ಒಂದು ಪಾಲು,
ರೊಕ್ಕ ನಡುವ ಬರಲಿಲ್ಲ.
ಅವ್ವ ಫೋನಿನ್ಯಾಗ ಕೇಳಿದಳು, ಮುಳ್ಳು ಭಾಳೇನೋ ಮಗನ?
ಭಾಳ. ಹಂಗ ಅಗದು ನುಂಗತೀನಿ.
ಮೀನಖಂಡ ಅಂತ ಹೆಸರಿಟ್ಟ ಹಿರೇರು
ಸುಮ್ಮ ಇಟ್ಟಿರಲಿಕ್ಕಿಲ್ಲ.

ಖೋಲಿ ಗೋಡಿ ಮ್ಯಾಲೆ ಇದ್ದಿಲಿಲೆ ಬರದೀನಿ: ತೊಂಬತ್ತು.
ದಿನಕ್ಕ ಅಷ್ಟ, ಅದರಾಚೆ ಒಂದು ಪೈಸಾ ಇಲ್ಲ.
ಎರಡು ತತ್ತಿ ಕುದಿಸಿ ಇಟ್ಟಿರತೀನಿ.
ಬಾಳಿಹಣ್ಣು ಚುಕ್ಕಿ ಬಿದ್ದಷ್ಟು ಸೋವಿ, ಸೋವಿ ಆದಷ್ಟು ಸಿಹಿ.
ಬಕ್ಕಣದಾಗ ಒಂದು ಮುಟಗಿ ಶೇಂಗಾ, ಬೆಲ್ಲದ ಹಳ್ಳು,
ಚಡಾವು ಕಾಣೂಕಿಂತ ಮೊದಲ ಬಾಯಾಗ.
ಜ್ವಾಳದ ಹಿಟ್ಟು ತಿಂಗಳಿಗೊಮ್ಮೆ ಬಸ್ಸಿನ್ಯಾಗ ಬರತೈತಿ,
ಕಂಡಕ್ಟರಗ ಒಂದು ಡಜನ್ ಪಾವು ಬಾಡಿಗಿ.
ಪಾವು ಮಾರಾಂವ ರೊಟ್ಟಿ ಬಡೀತಾನ ಅಂತ
ಬೇಕರಿ ಮಂದಿಗೆಲ್ಲ ನಗಿ.
ನಗಲಿ. ಪಾವು ಮಾತಾಡಿದಂಗ, ಊದತೈತಿ, ಆರತೈತಿ.
ರೊಟ್ಟಿ ಮಧ್ಯಾಹ್ನದ ತನಕ ಸುಮ್ಮ ಕುಂತಿರತೈತಿ, ನಮ್ಮ ಮುತ್ಯಾನಂಗ.

ಇನ್ನ ಹೆಸರುಕಾಳು.
ಒದ್ದಿ ಅರಿವ್ಯಾಗ ಕಟ್ಟಿ ಹ್ಯಾಂಡಲ್ಲಿಗೆ ತೂಗ ಬಿಡತೀನಿ.
ನಾ ಇಪ್ಪತ್ತೆರಡು ಕಿಲೋಮೀಟರ್ ತುಳಿಯೂದರಾಗ
ಅವು ಕೂದಲೆಳಿಯಷ್ಟು ನಡದಿರತಾವ.
ಇಬ್ಬರೂ ಕೂಡೇ ಮನಿ ಮುಟ್ಟತೀವಿ.

ಹೋದ ವಾರ ಹೊಸಾ ಹುಡುಗ ಬಂದಾನ, ರೋಣದ ಕಡೆಯಾಂವ,
ಹೆಸರು ದಾವಲಸಾಬ, ಮೀಸಿ ಇನ್ನೂ ಪೆನ್ಸಿಲ್ಲಿನದು.
ಚಾದಾಗ ಪಾವು ಅದ್ದಿ ಅದ್ದಿ ತಿಂದು
ಅಣ್ಣಾ, ಇಲ್ಲೆ ಖರ್ಚ ಇಲ್ಲ ನೋಡು, ಅಂದ.
ನಾ ಬೆರಳು ಮಡಚಿ ಎಣಿಸಿದೆ: ಇವತ್ತಿಗೆ ಎಂಟು.
ಹೇಳಿದರ ಕೇಳೂ ವಯಸ್ಸಲ್ಲ,
ನಾನೂ ಕೇಳತಿದ್ದಿಲ್ಲ.

ರಾತ್ರಿ ಅವನ ಹ್ಯಾಂಡಲ್ಲಿಗೂ ಒಂದು ಒದ್ದಿ ಗಂಟು ಕಟ್ಟಿದೆ,
ಸೀಟಿನ ಚೀಲದಾಗ ತತ್ತಿ ಎರಡು.
ನಸಕಿನ್ಯಾಗ ಗಂಟು ಮೂಸಿ ನೋಡಿ
ಏನಿದು ಅಣ್ಣಾ, ತಾಯತಾ? ಅಂದ.

ಹೂಂ ಅಂದೆ.
ಚಡಾವಿನ ಬುಡಕ ಬಿಚ್ಚು.